ಒಂದೇ ಗಾಜಿನ ಪೆಟ್ಟಿಗೆ, ಎರಡು ನೀರು

ಫೆಬ್ರವರಿ ಮೊದಲ ವಾರ ನಮ್ಮ ಮನೆಗೆ ಐದು ಕಪ್ಪೆ ಬಂದವು. ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ನಮ್ಮ ಬೀದಿಯ ಒಂದು ಮನೆಯವರು ಬೇರೆ ರಾಜ್ಯಕ್ಕೆ ಹೊರಟಿದ್ದರು. ದೊಡ್ಡ ಗಾಜಿನ ಪೆಟ್ಟಿಗೆ, ಸ್ಟ್ಯಾಂಡು, ಲೈಟು, ಒಳಗಿದ್ದ ಕಪ್ಪೆಗಳು, ಎಲ್ಲವನ್ನೂ ಒಟ್ಟಿಗೇ ಕೊಟ್ಟು ಹೋದರು. ಮಗಳಿಗೆ 11 ವರ್ಷ. ಕಪ್ಪೆ ಸಾಕೋಣ ಅಂತ ಒಂದು ವರ್ಷದಿಂದ ಕೇಳುತ್ತಿದ್ದಳು. ಬೇಡ ಅನ್ನಲು ಮನಸ್ಸು ಬರಲಿಲ್ಲ.

ಐದರಲ್ಲಿ ಎರಡು ಅಮೆರಿಕನ್ ಗ್ರೀನ್ ಟ್ರೀ ಫ್ರಾಗ್, ಅಂದರೆ ಹಸಿರು ಮರಗಪ್ಪೆ. ಇಲ್ಲಿಯ ದಕ್ಷಿಣದ ರಾಜ್ಯಗಳದ್ದೇ ಕಪ್ಪೆ ಇದು. ಜಾರ್ಜಿಯಾ, ಲೂಯಿಸಿಯಾನ ಎರಡೂ ಇದನ್ನು ತಮ್ಮ ರಾಜ್ಯದ ಉಭಯಚರ ಅಂತ ಆರಿಸಿಕೊಂಡಿವೆ. ಮಗಳು ಇವುಗಳಿಗೆ ಪಚ್ಚೆ, ವೀಳ್ಯ ಅಂತ ಹೆಸರಿಟ್ಟಳು. ಇನ್ನು ಮೂರು ಫೈರ್ ಬೆಲ್ಲಿಡ್ ಟೋಡ್. ಬೆನ್ನು ಹಸಿರು, ಅದರ ಮೇಲೆ ಕಪ್ಪು ಮಚ್ಚೆ. ಹೊಟ್ಟೆ ಮಾತ್ರ ಕೆಂಡದ ಬಣ್ಣ. ಇವು ಕೊರಿಯಾ, ಚೀನಾದ ಈಶಾನ್ಯ ಭಾಗ, ರಷ್ಯಾದ ಪೂರ್ವದ ತುದಿಯ ಕಡೆಯವು. ಹೆಸರಿನಲ್ಲಿ ಟೋಡ್ ಇದ್ದರೂ ನಮ್ಮೂರಿನ ಹಿತ್ತಲಲ್ಲಿ ಕೂರುವ ನೆಲಗಪ್ಪೆಯ ಕುಟುಂಬದವಲ್ಲ. ಕೆಂಡ, ಕುಂಕುಮ, ಕಿಡಿ ಅಂತ ಇವುಗಳ ಹೆಸರು.

ಐದೂ ಒಂದೇ ಪೆಟ್ಟಿಗೆಯಲ್ಲಿ ಇದ್ದವು. ಅಮ್ಮ ತಿಪಟೂರಿನಿಂದ ವಿಡಿಯೊ ಕಾಲ್‌ನಲ್ಲಿ ನೋಡಿದರು. "ಶೃಂಗೇರೀಲಿ ಹಾವೇ ಹೆಡೆ ಬಿಚ್ಚಿ ಕಪ್ಪೆಗೆ ನೆರಳು ಕೊಟ್ಟಿತ್ತಂತೆ ಕಣೋ. ಇವೆಲ್ಲ ಕಪ್ಪೆಗಳೇ ತಾನೆ? ಹೊಂದ್ಕೊಂಡು ಇರ್ತವೆ ಬಿಡು" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಜಗಳ ಇರಲಿಲ್ಲ, ಒಂದನ್ನೊಂದು ಕಚ್ಚುತ್ತಿರಲಿಲ್ಲ. ಮತ್ತೇನು ತೊಂದರೆ ಅನ್ನಿಸಿತ್ತು.

ಹತ್ತನೇ ದಿನ ಮಗಳು ಕರೆದಳು. "ಅಪ್ಪ, ಪಚ್ಚೆ ಪಚ್ಚೆ ಇಲ್ಲ." ಹೋಗಿ ನೋಡಿದರೆ ಅದು ಹಗಲಲ್ಲೇ ನೆಲದ ಮೇಲೆ ಕೂತಿದೆ. ಮರಗಪ್ಪೆ ಆರೋಗ್ಯವಾಗಿದ್ದರೆ ಹಗಲಲ್ಲಿ ಎತ್ತರದಲ್ಲಿ ಎಲೆಗೋ ಗಾಜಿಗೋ ಅಂಟಿಕೊಂಡು, ಕಾಲು ಮಡಚಿ ಮಲಗಿರುತ್ತದೆ. ಇದು ಹಾಗಿರಲಿಲ್ಲ. ಮೈ ಒಣಗಿದ ಬಾಳೆ ಎಲೆಯ ಕಂದು. ಕಣ್ಣು ಅರ್ಧ ಮುಚ್ಚಿತ್ತು. ತೊಡೆಯ ಹತ್ತಿರ ಚರ್ಮ ಮಂಕಾಗಿತ್ತು. ತೂಗಿ ನೋಡೋಣ ಅಂದುಕೊಂಡೆ. ತಕ್ಕಡಿಗೆ ಕಪ್ಪೆ ಹಾಕಿದ ಹಾಗೆ ಅನ್ನೋ ಮಾತು ನಮ್ಮಲ್ಲಿ ಇದೆಯಲ್ಲ. ಅದಕ್ಕೊಂದು ಉಪಾಯ ಇದೆ. ಮುಚ್ಚಳ ಇರುವ ಕಪ್ಪು ಡಬ್ಬಿಯೊಳಗೆ ಒದ್ದೆ ಟಿಶ್ಯೂ ಹಾಕಿ, ಸ್ಕೇಲಿನಲ್ಲಿ ಅದರ ತೂಕ ಸೊನ್ನೆ ಮಾಡಿ, ಆಮೇಲೆ ಕಪ್ಪೆ ಬಿಡಬೇಕು. ಕತ್ತಲಲ್ಲಿ ಅದು ಸುಮ್ನೆ ಕೂರುತ್ತದೆ. ವೀಳ್ಯ 9.4 ಗ್ರಾಂ. ಪಚ್ಚೆ 6.1.

ಕಪ್ಪೆಗಳನ್ನು ನೋಡುವ ಡಾಕ್ಟರು ನಮಗೆ 40 ನಿಮಿಷದ ದಾರಿಯಲ್ಲಿದ್ದಾರೆ. ಅವರು ಮೊದಲು ಕೇಳಿದ್ದೇ "ಇದರ ಜೊತೆ ಇನ್ನೇನಿದೆ?" ಅಂತ. ಹೇಳಿದೆ. "ಇವತ್ತೇ ಬೇರೆ ಮಾಡಿ" ಅಂದರು. ಐದರ ಚರ್ಮದಿಂದಲೂ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆದು, ಕಿಟ್ರಿಡ್ ಅನ್ನುವ ಚರ್ಮರೋಗ ಇದೆಯಾ ಅಂತ ಪರೀಕ್ಷೆಗೆ ಕಳಿಸಿದರು.

ಡಾಕ್ಟರು ಹೇಳಿದ್ದನ್ನೂ, ಆಮೇಲೆ ನಾನೇ ಕಣ್ಣಾರೆ ಕಂಡಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗೆ, ತೊಡೆಗಳ ನಡುವೆ ತೆಳುವಾದ ಚರ್ಮ ಇದೆ. ಅದನ್ನು ನೀರಿಗೆ ಒತ್ತಿ ಕೂತು ನೀರು ಹೀರಿಕೊಳ್ಳುತ್ತದೆ. ನೀರಿನಲ್ಲಿ ಏನಿದೆಯೋ ಅದರಲ್ಲೂ ಒಂದಷ್ಟು ಒಳಗೆ ಹೋಗುತ್ತದೆ. ಫೈರ್ ಬೆಲ್ಲಿಡ್ ಟೋಡ್‌ನ ಚರ್ಮ ವಿಷ ಸ್ರವಿಸುತ್ತದೆ. ಹೆದರಿದಾಗ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಅಂಗೈ ಅಂಗಾಲು ಮೇಲೆತ್ತಿ ಕೆಂಪು ತೋರಿಸುವುದು "ನನ್ನನ್ನು ತಿನ್ನಬೇಡ" ಅಂತ ಹೇಳಲಿಕ್ಕೆ. ಮೊದಲ ವಾರವೇ ನಾನು ಕೆಂಡನನ್ನು ಬರಿಗೈಲಿ ಎತ್ತಿ, ಕೈ ತೊಳೆಯುವ ಮೊದಲೇ ಕಣ್ಣು ಉಜ್ಜಿಕೊಂಡಿದ್ದೆ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಕಣ್ಣಿಗೆ ತಾಗಿದಂಥ ಉರಿ. ಆ ಮೂರೂ ಹಗಲೆಲ್ಲ ಕೂತಿರುತ್ತಿದ್ದ ನೀರಿನ ತಟ್ಟೆಯಲ್ಲೇ ಪಚ್ಚೆ, ವೀಳ್ಯ ರಾತ್ರಿ ಬಂದು ಹೊಟ್ಟೆ ಅದ್ದಿ ಕೂರುತ್ತಿದ್ದವು.

ತೊಂದರೆ ಅದೊಂದೇ ಅಲ್ಲ. ಕೆಂಪುಹೊಟ್ಟೆಯವಕ್ಕೆ ತಂಪು ಬೇಕು, 20ರಿಂದ 23 ಡಿಗ್ರಿ ಇದ್ದರೆ ಹಿತ. ಮರಗಪ್ಪೆಗೆ ಹಗಲಲ್ಲಿ 25, 26 ಬೇಕು. ಪೆಟ್ಟಿಗೆ 20ರಲ್ಲಿತ್ತು. ಚಳಿಗೆ ಮರಗಪ್ಪೆ ಕಂದಾಗುತ್ತದೆ, ತಿಂದಿದ್ದು ಸರಿಯಾಗಿ ಅರಗುವುದಿಲ್ಲ. ಊಟದ ಹೊತ್ತೂ ಬೇರೆ. ಕೆಂಡನ ಗುಂಪು ಹಗಲಲ್ಲಿ ಓಡಾಡುತ್ತದೆ. ಅವು ನಾಲಗೆ ಚಾಚಿ ಹಿಡಿಯುವುದಿಲ್ಲ, ಇಡೀ ಮೈಯನ್ನೇ ಮುಂದಕ್ಕೆ ಎಸೆದು ಬಾಯಿಂದ ಕಚ್ಚುತ್ತವೆ. ಸಂಜೆ ನಾವು ಹಾಕಿದ ಕ್ರಿಕೆಟ್ ಹುಳಗಳೆಲ್ಲ ಕತ್ತಲಾಗುವ ಮೊದಲೇ ಖಾಲಿ. ಮರಗಪ್ಪೆ ಏಳುವುದು ದೀಪ ಆರಿದ ಮೇಲೆ. ಪಚ್ಚೆ ಎಷ್ಟು ರಾತ್ರಿ ಉಪವಾಸ ಇತ್ತೋ.

ಕಿಟ್ರಿಡ್ ಅನ್ನುವುದು ಕಪ್ಪೆಗಳ ಚರ್ಮಕ್ಕೆ ಬರುವ ಒಂದು ಶಿಲೀಂಧ್ರ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದು 1999ರಲ್ಲಿ. ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಅದು ಅಳಿಸಿದೆ. ಅದರ ಮೂಲ ಪೂರ್ವ ಏಷ್ಯಾ, ಅದರಲ್ಲೂ ಕೊರಿಯಾದ ಕಡೆ ಅಂತ 2018ರ ಒಂದು ಜೀನ್ ಅಧ್ಯಯನ ತೋರಿಸಿತು. ಆ ಕಡೆಯ ಕಪ್ಪೆಗಳು ಚೆನ್ನಾಗಿ ಓಡಾಡಿಕೊಂಡಿದ್ದರೂ ಮೈಮೇಲೆ ಅದನ್ನು ಹೊತ್ತಿರಬಹುದು. ಬೇರೆ ಖಂಡದ ಕಪ್ಪೆಗೆ ಅದೇ ಪ್ರಾಣಕ್ಕೆ ಬರಬಹುದು. ಒಂಬತ್ತು ದಿನ ಕಾದೆವು. ಐದಕ್ಕೂ ಇಲ್ಲ ಅಂತ ರಿಪೋರ್ಟ್ ಬಂತು. ಮಗಳು ಅಂದು ರಾತ್ರಿ ಎರಡು ಸಲ ಊಟ ಬಡಿಸಿಕೊಂಡಳು.

ಆ ಒಂಬತ್ತು ದಿನ ಮರಗಪ್ಪೆಗಳೆರಡೂ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಗಳಲ್ಲಿದ್ದವು. ಒಳಗೆ ಒದ್ದೆ ಟಿಶ್ಯೂ, ಒಂದು ತುಂಡು ಮನಿ ಪ್ಲಾಂಟ್, ಒಂದು ಬಟ್ಟಲು ನೀರು, ಅಷ್ಟೇ. ಟಿಶ್ಯೂ ದಿನಾ ಬದಲಿಸಬೇಕು. ನೋಡಲು ಚೆನ್ನಾಗಿಲ್ಲ, ಆದರೆ ಕಪ್ಪೆ ಏನು ತಿಂತು, ಏನು ಹೊರಹಾಕಿತು ಅಂತ ಸ್ಪಷ್ಟವಾಗಿ ಕಾಣುತ್ತದೆ.

ಎರಡನೇ ಪೆಟ್ಟಿಗೆ ಕೊಳ್ಳುವುದೇ ನೇರ ದಾರಿ. ಹೊಸದಾಗಿ ಶುರು ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ನಮ್ಮ ಮನೆಯಲ್ಲಿ ಇನ್ನೊಂದು ಸ್ಟ್ಯಾಂಡ್ ಇಡಲು ಜಾಗ ಇಲ್ಲ. ಇರುವ ಪೆಟ್ಟಿಗೆ 36 ಇಂಚು ಉದ್ದ, 18 ಇಂಚು ಅಗಲ, 24 ಇಂಚು ಎತ್ತರ. ಮುಂದೆ ಎರಡು ಗಾಜಿನ ಬಾಗಿಲು, ಸರಿಯಾಗಿ ಮಧ್ಯದಲ್ಲಿ ಸೇರುತ್ತವೆ. ಮಧ್ಯಕ್ಕೆ ನೀರು ದಾಟದ ಗೋಡೆ ಕಟ್ಟಿದರೆ ಎರಡು ಮನೆ, ಎರಡಕ್ಕೂ ಅದರದೇ ಬಾಗಿಲು. ಎಡಗಡೆ ಮರಗಪ್ಪೆಗೆ ಎತ್ತರ ಸಿಗುತ್ತದೆ, ಬಲಗಡೆ ಕೆಂಪುಹೊಟ್ಟೆಗೆ ಅಗಲ ಸಿಗುತ್ತದೆ.

ಮೊದಲ ಶನಿವಾರ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿದೆ. ಕೆಂಡ, ಕುಂಕುಮ, ಕಿಡಿ ಮೂರೂ ಒಂದು ದೊಡ್ಡ ಟಬ್‌ಗೆ. ಹಳೆಯ ಮಣ್ಣು, ಪಾಚಿ, ಎಲೆ ಎಲ್ಲವನ್ನೂ ಎರಡೆರಡು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆ. ಹಿತ್ತಲಿಗೆ ಸುರಿಯಲಿಲ್ಲ. ನೀರಿಗೆ ಬ್ಲೀಚ್ ಬೆರೆಸಿ ಇಟ್ಟು, ಆಮೇಲೆ ಬಚ್ಚಲಿಗೆ ಬಿಟ್ಟೆ. ಆಗ ಮಗಳು ಕೇಳಿದಳು: "ಪಚ್ಚೇನ ಹಿತ್ತಲಲ್ಲೇ ಬಿಟ್ಟುಬಿಡೋಣ ಅಪ್ಪ. ಇದು ಅದರ ಊರೇ ಅಲ್ವಾ?" ಒಳ್ಳೆಯ ಪ್ರಶ್ನೆ. ಬೇಸಿಗೆಯಲ್ಲಿ ನಮ್ಮ ಹಿತ್ತಲ ಮರಗಳಲ್ಲೇ ಮರಗಪ್ಪೆ ಕೂಗುತ್ತವೆ. ಆದರೆ ಪಚ್ಚೆ ಬೇರೆ ಖಂಡದ ಕಪ್ಪೆಯ ಜೊತೆ ಒಂದೇ ನೀರಿನಲ್ಲಿ ಇದ್ದುಬಂದಿದೆ. ನಾವು ಪರೀಕ್ಷೆ ಮಾಡಿಸಿದ್ದು ಒಂದು ರೋಗಕ್ಕೆ ಮಾತ್ರ. ಅದು ಏನಾದರೂ ಹೊತ್ತಿದ್ದರೆ ಆ ಮರದ ಕಪ್ಪೆಗಳಿಗೆಲ್ಲ ಹರಡುತ್ತದೆ. ಸಾಕಿದ ಕಪ್ಪೆಯನ್ನು ಹೊರಗೆ ಬಿಡಬಾರದು. ಇದನ್ನು ಅವಳಿಗೆ ಹೇಳುವಾಗ ನನಗೂ ಕಷ್ಟವಾಯಿತು.

ಗಾಜನ್ನು ಹತ್ತರಲ್ಲಿ ಒಂದು ಪಾಲು ಬ್ಲೀಚ್ ಇರುವ ನೀರಿನಲ್ಲಿ ತೊಳೆದು, ವಾಸನೆ ಪೂರ್ತಿ ಹೋಗುವ ತನಕ ಜಾಲಿಸಿ, ಎರಡು ದಿನ ಒಣಗಿಸಿದೆ.

ಗೋಡೆಗೆ ಮೊದಲು 5 ಮಿಲಿಮೀಟರ್ ಅಕ್ರಿಲಿಕ್ ಶೀಟ್ ತಂದೆ. ಕಾರಣ ಇತ್ತು. ಪೆಟ್ಟಿಗೆಯ ಮುಂದೆ ಕೆಳಗೆ 15 ಸೆಂಟಿಮೀಟರ್ ಎತ್ತರದ ಗಾಜು, ಅದರ ಮೇಲೆ ಗಾಳಿಯಾಡಲು ಜಾಲರಿ ಪಟ್ಟಿ, ಅದರ ಮೇಲೆ ಬಾಗಿಲು. ಗೋಡೆಯ ಮುಂದಿನ ಅಂಚು ಈ ಏರುತಗ್ಗಿಗೆ ಸರಿಯಾಗಿ ಕೂರಬೇಕು. ಅಕ್ರಿಲಿಕ್ ಆದರೆ ಗರಗಸದಲ್ಲಿ ನಾನೇ ಕತ್ತರಿಸಬಹುದು. ಅಳತೆ ತೆಗೆದೆ, ಕತ್ತರಿಸಿದೆ, ಅಂಚು ಉಜ್ಜಿದೆ, ಅಕ್ವೇರಿಯಂ ಸಿಲಿಕಾನ್ ಹಾಕಿ ನಿಲ್ಲಿಸಿದೆ. ಸಿಲಿಕಾನ್ ಬಗ್ಗೆ ಒಂದು ಮಾತು. ಬಚ್ಚಲುಮನೆಗೆ ಅಂತ ಮಾರುವ ಟ್ಯೂಬ್‌ಗಳಲ್ಲಿ ಬೂಷ್ಟು ಹಿಡಿಯದಿರಲು ಔಷಧಿ ಬೆರೆಸಿರುತ್ತಾರೆ. ಕಪ್ಪೆಗೆ ಅದು ಆಗದು. ಏನೂ ಬೆರೆಸದ 100% ಸಿಲಿಕಾನ್ ಬೇಕು. ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ಅದು ಹೋಗುವ ತನಕ, ಅಂದರೆ ಒಂದು ವಾರ, ಮುಟ್ಟಬೇಡಿ.

ವಾರ ಕಾದು ಪರೀಕ್ಷೆ ಮಾಡಿದೆ. ಬಲಗಡೆ 10 ಸೆಂಟಿಮೀಟರ್ ನೀರು ತುಂಬಿ ಅದಕ್ಕೆ ಎರಡು ಚಮಚ ಅರಿಶಿನ ಕದಡಿದೆ. ಎಡಗಡೆ ಗೋಡೆಯ ಬುಡದುದ್ದಕ್ಕೂ ಬಿಳಿ ಟಿಶ್ಯೂ ಹಾಸಿದೆ. ರಾತ್ರಿ ಹತ್ತಕ್ಕೆ ಎಲ್ಲ ಬಿಳಿ. ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ನೋಡಿದರೆ ಹಿಂದಿನ ಮೂಲೆಯಲ್ಲಿ ಟಿಶ್ಯೂ ಮೇಲೆ ನಾಲ್ಕಾಣೆಯಷ್ಟು ಅಗಲದ ಹಳದಿ ಕಲೆ. ಮಧ್ಯ ಗಾಢ, ಅಂಚು ತೆಳು. ಮಧ್ಯಾಹ್ನದ ಹೊತ್ತಿಗೆ ಅದು ಅಂಗೈಯಷ್ಟಾಗಿತ್ತು.

ನೀರು ತೆಗೆದು ಮೂಲೆಯ ಸಿಲಿಕಾನ್ ಎಳೆದೆ. ಗಾಜಿನ ಕಡೆ ಬ್ಲೇಡ್ ಹಾಕಿ ಕೆರೆದರೂ ಬರಲಿಲ್ಲ. ಅಕ್ರಿಲಿಕ್ ಕಡೆ ಮಾತ್ರ ಪಳಗಿದ ಕಾವಲಿಯಿಂದ ದೋಸೆ ಎದ್ದ ಹಾಗೆ ಪೂರ್ತಿ ಪಟ್ಟಿಯೇ ಎದ್ದು ಬಂತು. ಸಿಲಿಕಾನ್ ಗಾಜನ್ನು ಹಿಡಿಯುವ ಹಾಗೆ ಅಕ್ರಿಲಿಕ್ ಹಿಡಿಯುವುದಿಲ್ಲ. ಜೊತೆಗೆ ಅಕ್ರಿಲಿಕ್ ತೇವ ಹೀರುತ್ತದೆ. ಒಂದು ಮಗ್ಗುಲು ಒದ್ದೆ, ಇನ್ನೊಂದು ಮಗ್ಗುಲು ಒಣ ಇದ್ದರೆ ನಿಧಾನಕ್ಕೆ ಬಾಗುತ್ತದೆ. ಒಂದೇ ರಾತ್ರಿಗೆ ನಮ್ಮದು ಬಾಗಿರಲಿಕ್ಕಿಲ್ಲ, ಆದರೆ ಮುಂದೆ ಬಾಗುವುದಂತೂ ಖಂಡಿತ. ಅರಿಶಿನ ಹಾಕದೆ ಬರೀ ನೀರಿನಲ್ಲಿ ನೋಡಿದ್ದರೆ ಆ ಮೂಲೆಯ ಒದ್ದೆಯನ್ನು ಹಬೆ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ.

ಎರಡನೇ ಸಲ ಗೋಡೆಯನ್ನು ಎರಡು ಭಾಗ ಮಾಡಿದೆ. ನೀರು ಮುಟ್ಟುವ ಕೆಳಭಾಗಕ್ಕೆ ಗಾಜು, ಮೇಲ್ಭಾಗಕ್ಕೆ ಅಕ್ರಿಲಿಕ್. ಪೆಟ್ಟಿಗೆಯ ಒಳ ಅಳತೆಯನ್ನು ಈ ಸಲ ಮೂರು ಕಡೆ ತೆಗೆದೆ. ಒಂದು ಕಡೆ 441 ಮಿಲಿಮೀಟರ್, ಇನ್ನೆರಡು ಕಡೆ 440, 439. ಕಾರ್ಖಾನೆಯಲ್ಲಿ ಮಾಡಿದ್ದು ಅಂತ ನಂಬಿ ಒಂದೇ ಕಡೆ ಅಳೆಯಬಾರದು. ಗಾಜಿನ ಅಂಗಡಿಯಲ್ಲಿ 6 ಮಿಲಿಮೀಟರ್ ದಪ್ಪದ ಗಾಜನ್ನು 434ಕ್ಕೆ 150ರಂತೆ ಕತ್ತರಿಸಿ, ಅಂಚು ಪಾಲಿಶ್ ಮಾಡಿಸಿದೆ. ಎರಡೂ ತುದಿಯಲ್ಲಿ ಸಿಲಿಕಾನ್‌ಗೆ ಮೂರು ಮಿಲಿಮೀಟರಿನಷ್ಟು ಜಾಗ ಬಿಡಲೇಬೇಕು. ಗಾಜಿಗೆ ಗಾಜು ಒತ್ತಿ ನಿಂತರೆ ಸಿಲಿಕಾನ್ ಹಿಡಿಯಲು ಏನೂ ಉಳಿಯುವುದಿಲ್ಲ. ಹಳೆಯ ಸಿಲಿಕಾನ್ ಚೂರೂ ಉಳಿಯದ ಹಾಗೆ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಹೊಸದು ಹಾಕಿದೆ. ಹಳತರ ಮೇಲೆ ಹೊಸತು ಅಂಟುವುದಿಲ್ಲ.

ಮೇಲಿನ ಅಕ್ರಿಲಿಕ್‌ಗೆ ಅಂಟೇ ಇಲ್ಲ. ಹಿಂದಿನ ಗಾಜಿಗೆ ಅಲ್ಯೂಮಿನಿಯಂ ಚಾನೆಲ್ ಅಂಟಿಸಿ, ಅದರೊಳಗೆ ಶೀಟನ್ನು ಮೇಲಿಂದ ಜಾರಿಸಿ ಇಳಿಸಿದೆ. ಕೆಳಗಿನ ಗಾಜಿನ ತಲೆಯ ಮೇಲೆ ಎಚ್ ಆಕಾರದ ಪ್ಲಾಸ್ಟಿಕ್ ಪಟ್ಟಿ ಕೂರಿಸಿ, ಅದರಲ್ಲಿ ಶೀಟಿನ ಬುಡ ನಿಲ್ಲಿಸಿದೆ. ಮುಂದೆ ಬಾಗಿದರೆ ಹೊರಗೆಳೆದು ತಿರುಗಿಸಿ ಹಾಕಬಹುದು. ಮತ್ತೆ ಒಂದು ವಾರ. ಮತ್ತೆ ಅರಿಶಿನ. ಈ ಸಲ 24 ಗಂಟೆ ಬಿಟ್ಟೆ. ಟಿಶ್ಯೂ ಬೆಳ್ಳಗೇ ಉಳಿಯಿತು. ಮಗಳು ಅದನ್ನು ಡೈರಿಯಲ್ಲಿ ಅಂಟಿಸಿಕೊಂಡಿದ್ದಾಳೆ.

ಬಲಗಡೆ ಕೆಲಸ ಬೇಗ ಆಯಿತು. ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ, ಅರ್ಧ ನೆಲ, ಅರ್ಧ ನೀರು. ನೀರಿನ ಆಳ 8 ಸೆಂಟಿಮೀಟರ್. ಕಲ್ಲು ಕಪ್ಪೆಯ ತಲೆಗಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ಹುಳದ ಜೊತೆ ನುಂಗಿಬಿಡುತ್ತದೆ. ಮೂಲೆಯಲ್ಲಿ ಚಿಕ್ಕ ಸ್ಪಾಂಜ್ ಫಿಲ್ಟರ್. ಪ್ರತಿ ಶನಿವಾರ ಅರ್ಧ ನೀರು ಬದಲಾವಣೆ.

ಎಡಗಡೆಗೆ ಸಮಯ ಹಿಡಿಯಿತು, ಅದು ನನಗೆ ಇಷ್ಟವಾದ ಕೆಲಸವೂ ಹೌದು. ಕೆಳಗೆ ಐದು ಸೆಂಟಿಮೀಟರ್ ಸುಟ್ಟ ಜೇಡಿಮಣ್ಣಿನ ಉಂಡೆ, ನೀರು ಬಸಿಯಲು. ಅದರ ಮೇಲೆ ಜಾಲರಿ. ಅದರ ಮೇಲೆ ತೆಂಗಿನ ನಾರಿನ ಪುಡಿ, ಮರದ ತೊಗಟೆ ಚೂರು, ಪಾಚಿ ಸೇರಿಸಿದ ಮಣ್ಣು. ಇಲ್ಲಿಯ ಅಂಗಡಿಯಲ್ಲಿ ಸಿಕ್ಕ ಕೊಕೊಪೀಟ್ ಇಟ್ಟಿಗೆಯ ಮೇಲೆ "ಇಂಡಿಯಾದಲ್ಲಿ ತಯಾರಾದದ್ದು" ಅಂತಿತ್ತು. ಬಕೆಟ್ ನೀರಿಗೆ ಹಾಕಿದಾಗ ಅದು ಉಬ್ಬಿ ಬಂದ ವಾಸನೆ ಇದೆಯಲ್ಲ, ಮಳೆ ಬಿದ್ದ ಮೇಲೆ ನಮ್ಮ ಹಿತ್ತಲಲ್ಲಿ ಕಾಯಿ ಸುಲಿದ ಸಿಪ್ಪೆ ರಾಶಿಯದು. ಸ್ವಲ್ಪ ಹೊತ್ತು ಸುಮ್ನೆ ಅಲ್ಲೇ ಕೂತಿದ್ದೆ. ನಾರಿನಲ್ಲಿ ಉಪ್ಪಿರಬಹುದು, ಅದಕ್ಕೆ ಮೂರು ನೀರು ತೊಳೆದು ಹಿಂಡಿದೆ. ನೆಟ್ಟಿದ್ದು ಮನಿ ಪ್ಲಾಂಟ್, ಜೊತೆಗೆ ಗಟ್ಟಿ ಎಲೆಯ ಸ್ನೇಕ್ ಪ್ಲಾಂಟ್. ಕಪ್ಪೆ ಹತ್ತಿ ಕೂತರೂ ಅದು ಬಾಗುವುದಿಲ್ಲ. ಮಣ್ಣಿಗೆ ಸ್ಪ್ರಿಂಗ್‌ಟೇಲ್ ಅನ್ನುವ ಸಣ್ಣ ಬಿಳಿ ಹುಳ ಬಿಟ್ಟೆ, ಬೂಷ್ಟು ತಿಂದು ಸ್ವಚ್ಛ ಮಾಡಲು.

ನಲ್ಲಿ ನೀರಿನ ವಿಷಯ. ಊರಿನಲ್ಲಿ ಮೀನಿನ ತೊಟ್ಟಿಗೆ ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟ ನೀರು ಹಾಕುತ್ತಿದ್ದೆವು, ಕ್ಲೋರಿನ್ ಹಾರಿಹೋಗಲಿ ಅಂತ. ಇಲ್ಲಿ ಅದು ನಡೆಯುವುದಿಲ್ಲ. ಕ್ಯಾರಿಯಲ್ಲಿ ವರ್ಷದ ಹೆಚ್ಚು ದಿನ ನೀರಿಗೆ ಕ್ಲೋರಮೈನ್, ಅಂದರೆ ಕ್ಲೋರಿನ್ ಜೊತೆ ಅಮೋನಿಯ ಸೇರಿದ್ದು, ಹಾಕುತ್ತಾರೆ, ಮಾರ್ಚ್ ತಿಂಗಳಲ್ಲಿ ಮಾತ್ರ ಬರೀ ಕ್ಲೋರಿನ್. ಕ್ಲೋರಮೈನ್ ಒಂದು ರಾತ್ರಿಯಲ್ಲಿ ಹಾರುವುದಿಲ್ಲ. ಕ್ಲೋರಮೈನ್ ತೆಗೆಯುತ್ತದೆ ಅಂತ ಬಾಟಲಿಯ ಮೇಲೆ ಬರೆದಿರುವ ಹನಿ ಔಷಧಿಯನ್ನೇ ಹಾಕಬೇಕು. ಕಪ್ಪೆಗಳ ಗಲೀಜಿನಿಂದಲೂ ನೀರಿಗೆ ಅಮೋನಿಯ ಸೇರುತ್ತದೆ, ಅದು ಅವಕ್ಕೆ ವಿಷ. ಹಳೆಯ ಪೆಟ್ಟಿಗೆಯ ತಟ್ಟೆ ನೀರನ್ನು ಅಮೋನಿಯ ಕಿಟ್‌ನಲ್ಲಿ ನೋಡಿದಾಗ ಟ್ಯೂಬ್ ಹಸಿರಾಗಿತ್ತು. ಹಳದಿ ಅಂದರೆ ಸೊನ್ನೆ, ಹಸಿರಾದಷ್ಟೂ ಜಾಸ್ತಿ. ಈಗ ಬಲಗಡೆಯ ನೀರನ್ನು ವಾರವಾರ ನೋಡುತ್ತೇನೆ.

ಬಿಸಿಯದು ಇನ್ನೊಂದು ತಲೆನೋವು. ಎಡಗಡೆ ಲ್ಯಾಂಪ್ ಹಾಕಿದರೆ ಬಲಗಡೆಯೂ 24.5 ಆಯಿತು. ಮಧ್ಯದ ಗೋಡೆ ನೀರು ತಡೆಯುತ್ತದೆ, ಬಿಸಿ ತಡೆಯುವುದಿಲ್ಲ. ಲ್ಯಾಂಪನ್ನು ಎಡ ತುದಿಗೆ ಸರಿಸಿ, ಕಡಿಮೆ ವ್ಯಾಟಿನದು ಹಾಕಿ, ಥರ್ಮೋಸ್ಟಾಟ್ ಕಟ್ಟಿದೆ. ಈಗ ಎಡಗಡೆ ಮೇಲೆ 26, ಬಲಗಡೆ ನೀರು 22. ಯುವಿ, ಅಂದರೆ ನೇರಳಾತೀತ ಬೆಳಕಿನ ಟ್ಯೂಬ್ ಮಾತ್ರ ಎರಡಕ್ಕೂ ಒಂದೇ.

ಎರಡನೇ ದಿನ ಒಂದು ಕ್ರಿಕೆಟ್ ಎಡದಿಂದ ಬಲಕ್ಕೆ ದಾಟಿದ್ದನ್ನು ಮಗಳು ಹಿಡಿದಳು. ಗೋಡೆಯ ಮುಂದಿನ ಅಂಚಿಗೂ ಬಾಗಿಲಿಗೂ ನಡುವೆ ನಾಲ್ಕು ಮಿಲಿಮೀಟರ್ ಸಂದು ಉಳಿದಿತ್ತು. ಮೆತ್ತನೆಯ ಸಿಲಿಕಾನ್ ಟ್ಯೂಬನ್ನು ಉದ್ದಕ್ಕೆ ಸೀಳಿ ಆ ಅಂಚಿಗೆ ತೊಡಿಸಿದೆ. ಬಾಗಿಲು ಮುಚ್ಚಿದಾಗ ಅದು ಒತ್ತಿಕೊಂಡು ಸಂದು ಮುಚ್ಚುತ್ತದೆ.

ಚಿಮಟ, ಸ್ಪ್ರೇ ಬಾಟಲಿ, ಮಗ್ಗು, ಸ್ಪಾಂಜು ಎಲ್ಲ ಎರಡೆರಡು. ಎಡಗಡೆಯವಕ್ಕೆ ಹಸಿರು ಟೇಪು, ಬಲಗಡೆಯವಕ್ಕೆ ಕೆಂಪು. ಪುಡಿ ಇಲ್ಲದ ನೈಟ್ರೈಲ್ ಗ್ಲೌಸನ್ನು ಒದ್ದೆ ಮಾಡಿಕೊಂಡೇ ಕಪ್ಪೆ ಮುಟ್ಟುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಗ್ಲೌಸ್ ಬದಲು. ಗೋಡೆ ಕಟ್ಟಿ, ಕೈಯಲ್ಲೇ ಆ ಕಡೆಯ ನೀರು ಈ ಕಡೆಗೆ ತಂದರೆ ಕಟ್ಟಿದ್ದಕ್ಕೆ ಅರ್ಥ ಇಲ್ಲ. ಹುಳದ ಅಳತೆ ಕಪ್ಪೆಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ಕೆಂಡನ ಗುಂಪಿಗೆ ಸಂಜೆ ಐದಕ್ಕೆ ಊಟ, ಮರಗಪ್ಪೆಗಳಿಗೆ ದೀಪ ಆರಿದ ಮೇಲೆ, ಕ್ಯಾಲ್ಸಿಯಂ ಪುಡಿ ಸವರಿ.

ಪಚ್ಚೆ ಹೊಸ ಮನೆಗೆ ಹೋದ ದಿನ 6.4 ಗ್ರಾಂ. ಎರಡು ವಾರಕ್ಕೆ 6.9. ನಾಲ್ಕನೇ ವಾರ ಬೆಳಿಗ್ಗೆ ನೋಡಿದರೆ ಸ್ನೇಕ್ ಪ್ಲಾಂಟಿನ ತುದಿಯಲ್ಲಿ, ಎಲೆಯ ಬಣ್ಣಕ್ಕೇ ಸೇರಿಹೋಗಿ ಮಲಗಿತ್ತು. ಬಾಯಂಚಿನಿಂದ ಪಕ್ಕೆಯವರೆಗೆ ಬಿಳಿ ಗೆರೆ ಇರುತ್ತದಲ್ಲ, ಅದು ಕಂಡಿದ್ದರಿಂದ ಗುರುತು ಸಿಕ್ಕಿತು.

ಮೊನ್ನೆ ಜೂನ್ ಮೊದಲ ವಾರ ಸಂಜೆ ಗುಡುಗು ಶುರುವಾಯಿತು. ಅಮ್ಮನ ಜೊತೆ ಮಾತಾಡುತ್ತಿದ್ದೆ. ಹಿತ್ತಲಲ್ಲಿ ಒಂದು ಕಪ್ಪೆ ಕೂಗಿತು. ಅದಕ್ಕೆ ಉತ್ತರ ಕೊಟ್ಟ ಹಾಗೆ ಮನೆಯೊಳಗಿನಿಂದ ಗಂಟೆ ಬಡಿದಂಥ ಒಡಕು ದನಿ ಬಂತು, ಒಂದೇ ಸಮನೆ. ಕೂಗುವುದು ಗಂಡು ಕಪ್ಪೆ ಮಾತ್ರ. ಹೋಗಿ ನೋಡಿದರೆ ಪಚ್ಚೆಯ ಗಂಟಲು ಬಲೂನಿನಂತೆ ಉಬ್ಬಿತ್ತು. ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದೆ.

"ಮಳೆ ಬರುತ್ತೆ, ಬಟ್ಟೆ ಒಳಗೆ ತಗೋ" ಅಂದರು ಅಮ್ಮ.